ಕಲಬುರಗಿಯ ಒಂದು ವೃದ್ಧಾಶ್ರಮ: ನೆಲ ಚೊಕ್ಕ, ಊಟ ಬಿಸಿ, ಮಾತು ಮಾತ್ರ ಕೇಳಬೇಡಿ

ಐದಕ್ಕೆ ಎರಡು ಸ್ಟಾರ್. ಆ ಎರಡೂ ಅಡುಗೆಯವರಿಗೆ ಮತ್ತು ರಾತ್ರಿ ಪಾಳಿಯ ಒಬ್ಬ ಹೆಣ್ಣುಮಗಳಿಗೆ. ಹೆಸರು ಬೇಕಂತಲೇ ಹಾಕಿಲ್ಲ, ಯಾಕಂದರೆ ನಮ್ಮ ದೊಡ್ಡವ್ವನ ಜೊತೆಗಿದ್ದವರು ಇನ್ನೂ ಅಲ್ಲೇ ಇದ್ದಾರೆ, ಇದನ್ನು ಓದಿದ ಸಿಟ್ಟು ಅವರ ಮೇಲೆ ತಿರುಗಬಾರದು. ಊರ ಹೊರಗೆ, ತಿಂಗಳಿಗಿಷ್ಟು ಅಂತ ಕಟ್ಟಿ ಇರಿಸುವ ಜಾಗ, ಅಷ್ಟು ಸಾಕು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಸರಳು ಇದೆ. ಬಿಪಿ, ಶುಗರ್ ನೋಡಲು ನರ್ಸ್ ಬರುತ್ತಾರೆ. ಜೋಳದ ರೊಟ್ಟಿ ಬಿಸಿಬಿಸಿ ಸಿಗುತ್ತದೆ, ಹಲ್ಲಿಲ್ಲದವರಿಗೆ ಬೇಳೆಯಲ್ಲಿ ನೆನೆಸಿ ಕೊಡುತ್ತಾರೆ. ಮೈಮೇಲೆ ಗಾಯ ಇಲ್ಲ, ಹಾಸಿಗೆಯಲ್ಲಿ ವಾಸನೆ ಇಲ್ಲ. ಭಾನುವಾರ ಹೋದವರು ಇಷ್ಟು ನೋಡಿ, ಅವರೇ ಕೊಟ್ಟ ಚಹಾ ಕುಡಿದು ಬರುತ್ತಾರೆ, ಅಲ್ವಾ?

ದೊಡ್ಡವ್ವ ಟೀಚರ್ ಆಗಿ ರಿಟೈರ್ ಆದವರು. ಬಾಯಿ ಜೋರು. ಅಲ್ಲಿ ಸೇರಿದ ಕೆಲವೇ ತಿಂಗಳಲ್ಲಿ ಮಾತು ನಿಂತೇಹೋಯಿತು. ಏನು ಕೇಳಿದರೂ "ಆರಾಮ್ ಇದ್ದೀನಪ" ಅಂತ ಒಂದೇ ಉತ್ತರ, ಅದೂ ಬಾಗಿಲ ಕಡೆ ನೋಡುತ್ತಾ. ಹಿಂದೆ ಮುಂದೆ ತೂಗಾಡುತ್ತಾ, ತಮ್ಮಷ್ಟಕ್ಕೆ ತಾವೇ ಏನೋ ಗುನುಗುತ್ತಾ ಕೂತಿರುತ್ತಿದ್ದರು. ಮ್ಯಾನೇಜರನ್ನು ಕೇಳಿದರೆ, "ಮರೆವಿನ ಕಾಯಿಲೆ ಸುರು ಆಗ್ಯಾದ ರೀ, ವಯಸ್ಸಾತಲ್ಲ" ಅಂದರು. ನಂಬುವಂಥ ಮಾತೇ, ಮರೆವಿನ ಕಾಯಿಲೆಯಲ್ಲಿ ಹೀಗೆಲ್ಲ ಆಗುವುದುಂಟು. ಆದರೆ ದಿನಾ ಹೆದರಿಸಿ, ಹಂಗಿಸಿ ಇಟ್ಟವರಲ್ಲೂ ಥೇಟ್ ಇದೇ ಕಾಣುತ್ತದೆ, ಅದಕ್ಕೇ ಈ ಕಾಟ ಬೇಗ ಹೊರಗೆ ಬರುವುದಿಲ್ಲ.

ಹೊರಗೆ ಬಂದಿದ್ದು ಕಿವಿಯ ಮಷೀನಿನಿಂದ. ಒಂದು ದಿನ ನೋಡಿದರೆ ಕಿವಿಯಲ್ಲಿ ಅದು ಇಲ್ಲ. "ಕಳಕೋತಾರ, ಅದಕ್ಕ ಆಫೀಸ್‌ನಾಗ ತೆಗೆದಿಟ್ಟೀವಿ" ಅಂದರು. ಕಪಾಟು ತೆರೆಸಿದೆ. ಒಂದು ಸ್ಟೀಲ್ ಡಬ್ಬಿಯಲ್ಲಿ ನಾಲ್ಕೈದು ಜನರ ಮಷೀನು ಒಟ್ಟಿಗೆ ಬಿದ್ದಿವೆ, ಯಾವುದು ಯಾರದು ಅನ್ನೋ ಚೀಟಿಯೂ ಇಲ್ಲ, ದೊಡ್ಡವ್ವನದರ ಸೆಲ್ ಸತ್ತುಹೋಗಿದೆ. ಕಿವಿ ಕೇಳದ ಹಾಗೆ ಮಾಡಿ, ಕರೆದರೆ ಓಗೊಡಲ್ಲ ಅಂತ ಮರೆವಿನ ಹಣೆಪಟ್ಟಿ ಬೇರೆ! ಹೊಸ ಸೆಲ್ ಹಾಕಿಸಿ, ಕಾಂಪೌಂಡಿನ ಬೇವಿನ ಗಿಡದ ಕೆಳಗೆ ಕೂಡಿಸಿದ ಮೇಲೆ ಒಂದೊಂದೇ ಬಾಯಿಬಿಟ್ಟರು. ಹಗಲು ಪಾಳಿಯ ಆಯಾ "ಹಠ ಮಾಡಿದ್ರ ಕೂಲರ್ ಬಂದ್ ಮಾಡ್ತೀನಿ ನೋಡು ಮುದುಕಿ" ಅನ್ನುತ್ತಾಳಂತೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಈ ಬೆದರಿಕೆ ಅಂದರೆ ಏನು ಅಂತ ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಯಾರ ಹಾಸಿಗೆ ಒದ್ದೆಯಾಯಿತು ಅಂತ ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಎಲ್ಲರೆದುರು ಸಾರುವುದು. "ನಿನ್ನ ಮಗ ಕೈ ತೊಳಕೊಂಡಾನ, ಇನ್ನ ಬರಂಗಿಲ್ಲ" ಅನ್ನುವುದು. ಎದುರು ಮಾತಾಡಿದವರ ಜೊತೆ ಉಳಿದವರು ಮಾತಾಡಕೂಡದು ಅಂತ ತಾಕೀತು ಮಾಡುವುದು. ನಾವು ಫೋನ್ ಮಾಡಿದರೆ ಸ್ಪೀಕರ್ ಹಾಕಿ ಅವಳು ಪಕ್ಕದಲ್ಲೇ ನಿಂತಿರುತ್ತಿದ್ದಳು, ಹಾಗಿದ್ದಾಗ ಆರಾಮ್ ಅನ್ನದೆ ಇನ್ನೇನು ಹೇಳಲು ಸಾಧ್ಯ?

ಮ್ಯಾನೇಜರ್ ಹತ್ತಿರ ಹೋದರೆ "ಒಂದು ಏಟೂ ಹೊಡದಿಲ್ಲ ರೀ" ಅಂದರು. ನಿಜ, ಹೊಡೆದಿಲ್ಲ. "ವಯಸ್ಸಾದವರು ಸಣ್ಣ ಹುಡುಗರಿದ್ದಂಗ" ಅಂತಲೂ ಅಂದರು. ಇರಲಿ, ಶಾಲೆಯಲ್ಲಿ ನಮ್ಮ ಹುಡುಗರಿಗೆ ಹೀಗೆ ಮಾಡಿದ್ದರೆ ಸುಮ್ನೆ ಬರುತ್ತಿದ್ದೆವಾ? ಕೆಲಸದವರು ಕಡಿಮೆ, ಸಂಬಳವೂ ಅಷ್ಟಕ್ಕಷ್ಟೇ, ಇದು ನನಗೂ ಗೊತ್ತು. ಅದೇ ಸಂಬಳಕ್ಕೆ ರಾತ್ರಿ ಪಾಳಿಯವಳು "ಅವ್ವಾರ, ಸ್ವಲ್ಪ ಎದ್ದು ಕೂಡ್ರಿ" ಅಂತ ಮರ್ಯಾದೆಯಿಂದ ಮಾತಾಡಿಸುತ್ತಾಳಲ್ಲ.

ನಿಮ್ಮವರನ್ನು ಇಂಥ ಕಡೆ ಬಿಡುವುದಿದ್ದರೆ ಭಾನುವಾರ ಹೋಗಲೇಬೇಡಿ. ವಾರದ ನಡುವೆ, ಸ್ನಾನ ನಾಷ್ಟಾದ ಗಡಿಬಿಡಿಯಲ್ಲಿ, ಹೇಳದೆ ಹೋಗಿ. ಕೆಲಸದವರು ಒಳಗೆ ಬಂದಾಗ ಹಿರಿಯರ ಮುಖ ನೋಡಿ. ಒಬ್ಬರು ಬಂದ ಕೂಡಲೇ ಎಲ್ಲರ ಮಾತೂ ನಿಂತರೆ ಅರ್ಥ ಮಾಡಿಕೊಳ್ಳಿ. ಕನ್ನಡಕ, ಹಲ್ಲಿನ ಸೆಟ್, ಕಿವಿ ಮಷೀನು ಅವರ ಹತ್ತಿರವೇ ಇವೆಯಾ ಕೇಳಿ. ಅವರ ಜೊತೆ ಒಬ್ಬರೇ ಕೂತು ಮಾತಾಡಲು ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಈಗಾಗಲೇ ಬಿಟ್ಟಿದ್ದರೆ, ಅನುಮಾನ ಬಂದಿದ್ದರೆ, 14567ಕ್ಕೆ ಫೋನ್ ಮಾಡಿ. ಹಿರಿಯರಿಗಂತಲೇ ಇರುವ ಸರ್ಕಾರದ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಹೊಡೆತ ಬಡಿತ ಇಲ್ಲದ ಕಾಟವನ್ನೂ ಹೇಳಿಕೊಳ್ಳಬಹುದು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ, ದಿನಾಂಕ, ಹೊತ್ತು, ಅಂದ ಮಾತು ಅಂದ ಹಾಗೇ ಬರೆದಿಟ್ಟುಕೊಳ್ಳಿ. 2007ರ ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ ಅಂತ ಕೆಲವರು ಹೇಳಿದರು. ಅದರ ಟ್ರಿಬ್ಯೂನಲ್ ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸಲು ಇರುವುದು, ನಮ್ಮ ಜಗಳ ಆಶ್ರಮದವರ ಜೊತೆ.

ದೊಡ್ಡವ್ವ ಈಗ ನಮ್ಮ ಮನೆಯಲ್ಲಿದ್ದಾರೆ. ಊಟಕ್ಕೆ ಉಪ್ಪು ಜಾಸ್ತಿ ಆಯಿತು ಅಂತ ದಿನಾ ಬೈಯುತ್ತಾರೆ. ಆಶ್ರಮದವರು ಡಿಪಾಸಿಟ್ ಮುಂದಿನ ತಿಂಗಳು ಕೊಡುತ್ತೇವೆ ಅಂದಿದ್ದಾರೆ. ಕೊಟ್ಟರೋ ಇಲ್ಲವೋ ಇಲ್ಲೇ ಬರೆಯುತ್ತೇನೆ.