ನ್ಯೂ ಮೆಕ್ಸಿಕೋದಲ್ಲಿ ನಾಲ್ಕು ದಿನದ ಪೇಂಟಿಂಗ್ ವರ್ಕ್‌ಶಾಪ್: ಜಾಗಕ್ಕೆ ಐದು ಸ್ಟಾರ್, ಕ್ಲಾಸಿಗೆ ಎರಡೂವರೆ

ಸೆಪ್ಟೆಂಬರ್ ಶುರುವಿನಲ್ಲಿ ಬರೋ ಇಲ್ಲಿನ ಲೇಬರ್ ಡೇ ವಾರದಲ್ಲಿ ರಜೆ ಹಾಕಿ ಡಲ್ಲಾಸ್‌ನಿಂದ ಆಲ್ಬುಕರ್ಕಿಗೆ ಹಾರಿ ಅಲ್ಲಿಂದ ಬಾಡಿಗೆ ಕಾರಲ್ಲಿ ಸಾಂಟಾ ಫೆ ಸೇರ್ಕೊಂಡೆ, ಬಯಲಲ್ಲಿ ಕೂತು ಪೇಂಟ್ ಮಾಡೋದು ಹೇಳ್ಕೊಡೋ ಒಂದು ವರ್ಕ್‌ಶಾಪಿಗೆ ಅಂತ. ಯಾರು ನಡೆಸಿದ್ದು ಅಂತ ಹೆಸರು ಹಾಕಲ್ಲ, ಬೈಯೋದು ಜಾಸ್ತಿ ಇದೆ. ಫೀಸು 640 ಡಾಲರ್, ಊಟ ರೂಮು ಎಲ್ಲಾ ನಮ್ದೇ. ಹನ್ನೆರಡು ಜನ ಇದ್ವಿ, ಮುಕ್ಕಾಲು ಪಾಲು ರಿಟೈರ್ ಆದವ್ರು, ಇಂಡಿಯನ್ ಅಂತ ನಾನೊಬ್ಳೇ (ಆ ಪದಕ್ಕೆ ಅಲ್ಲಿ ಮೂಲನಿವಾಸಿಗಳು ಅನ್ನೋ ಅರ್ಥಾನೂ ಇದೆ, ಹೇಳೋಕೆ ಮುಂಚೆ ಸ್ವಲ್ಪ ಯೋಚ್ನೆ ಮಾಡ್ಬೇಕಾಗುತ್ತೆ).

ಬೈಯೋದು ಮೊದ್ಲು ಮುಗಿಸಿಬಿಡ್ತೀನಿ. ಬೆಳಗ್ಗೆ ಎಂಟೂವರೆಗೆ ಎಲ್ಲರೂ ಸೇರೋದು, ಆಮೇಲೆ ಹೇಳ್ಕೊಡೋ ಮೇಡಂ ತಾವೇ ಬರೆದು ತೋರಿಸೋ ಡೆಮೊ, ಅದು ಹತ್ತೂವರೆ ಆದ್ರೂ ಮುಗಿಯಲ್ಲ. ಕೈ ತುಂಬಾ ಚೆನ್ನಾಗಿದೆ ಅವರ್ದು, ಸುಳ್ಳು ಹೇಳಲ್ಲ, ಆದ್ರೆ ಆ ಬಯಲುಸೀಮೆಯಲ್ಲಿ ನೆರಳು ಅಂತ ಇರೋದೇ ಬೆಳಗ್ಗೆ ಒಂದೆರಡು ಗಂಟೆ, ಸಂಜೆ ಒಂದೆರಡು ಗಂಟೆ, ಹನ್ನೊಂದಾಯ್ತು ಅಂದ್ರೆ ಗುಡ್ಡ ಗೋಡೆ ಎಲ್ಲಾ ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ, ಅಂಥ ಹೊತ್ತಲ್ಲಿ ನಮ್ಮನ್ನ ಈಸೆಲ್ (ಚಿತ್ರ ಇಡೋ ಸ್ಟ್ಯಾಂಡು) ಮುಂದೆ ಕೂರಿಸಿದ್ರೆ ನಾವು ಏನನ್ನ ನೋಡಿ ಬಳಿಯೋದು? ನಾಲ್ಕು ದಿನದಲ್ಲಿ ನನ್ನ ಹತ್ರ ಬಂದು ನಿಂತಿದ್ದು ಎರಡೇ ಸಲ. ಸಾಲದ್ದಕ್ಕೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಆಯಿಲ್ ಪೇಂಟ್ ತೆಳು ಮಾಡೋ ಥಿನ್ನರ್ ಇತ್ತು, ಅದನ್ನ ವಿಮಾನದಲ್ಲಿ ತರೋಕಾಗಲ್ಲ ಅಂತ ಒಂದು ಮಾತು ಬರೆದಿರ್ಲಿಲ್ಲ. ನಾನು ವಾಟರ್‌ಕಲರ್‌ನವಳು, ಬಚಾವಾದೆ.

ಪೂರ್ತಿ ಬಚಾವೇನೂ ಆಗ್ಲಿಲ್ಲ ಅನ್ನಿ. ಸಾಂಟಾ ಫೆ ಇರೋದು ಹತ್ರಹತ್ರ 7,000 ಅಡಿ ಮೇಲೆ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಎತ್ತರದಲ್ಲಿ ಇಡೀ ಊರೇ ಕೂತಿದೆ. ಮೊದಲ ದಿನ ತಲೆನೋವು, ಗಾಳಿಯಲ್ಲಿ ತೇವಾನೇ ಇಲ್ಲ, ಆಕಾಶದ ವಾಶ್ (ನೀರು ಜಾಸ್ತಿ ಹಾಕಿ ಬಳಿಯೋ ತೆಳು ಬಣ್ಣ) ಎಡಗಡೆಯಿಂದ ಶುರು ಮಾಡಿದ್ರೆ ಬಲಗಡೆ ತಲುಪೋಷ್ಟ್ರಲ್ಲಿ ಎಡಗಡೆದು ಒಣಗಿ ಗೆರೆ ಬಿದ್ದಿರುತ್ತೆ. ಪೇಪರ್‌ನ ಎರಡೂ ಕಡೆ ನೆನೆಸಿ ಪ್ಲಾಸ್ಟಿಕ್ ಬೋರ್ಡಿಗೆ ಅಂಟಿಸಿಕೊಳ್ಳಿ, ಒಂದು ಸ್ಪ್ರೇ ಬಾಟ್ಲು ಇಟ್ಕೊಳ್ಳಿ, ಇದನ್ನ ಹೇಳ್ಕೊಟ್ಟಿದ್ದು ಮೇಡಂ ಅಲ್ಲ, ಪಕ್ಕದ ಈಸೆಲ್‌ನ ಅಜ್ಜ.

ಇನ್ನು ಜಾಗದ ವಿಷಯ. ಸಾಂಟಾ ಫೆಯಿಂದ ಉತ್ತರಕ್ಕೆ ಹೋದ್ರೆ ಟಾವೋಸ್ ಅನ್ನೋ ಊರಿಗಿಂತ ನಾಲ್ಕು ಮೈಲಿ ಹಿಂದೆ ರಾಂಚೋಸ್ ದೆ ಟಾವೋಸ್ ಅಂತ ಸಿಗುತ್ತೆ, ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ದೆ ಆಸಿಸ್ ಚರ್ಚು, 1816ರ ಹೊತ್ತಿಗೆ ಕಟ್ಟಿ ಮುಗಿಸಿದ್ದು. ಅದರ ಮುಂಭಾಗ ಬಿಡಿ, ಹಿಂಭಾಗಕ್ಕೆ ಹೋಗಿ. ಬಾಗಿಲಿಲ್ಲ, ಕಿಟಕಿಯಿಲ್ಲ, ದಪ್ಪ ದಪ್ಪ ಮಣ್ಣಿನ ಆಸರೆಗೋಡೆಗಳು ಆನೆ ಕಾಲು ಮಡಚಿ ಮಲಗಿದ ಹಾಗೆ. ಹತ್ರ ಹೋದ್ರೆ ಮೆತ್ತಿದ ಮಣ್ಣಲ್ಲಿ ಹುಲ್ಲಿನ ಚೂರು ಮಿಣಮಿಣ ಹೊಳೀತಿರುತ್ತೆ. ನಮ್ಮಜ್ಜಿ ಮನೆ ಚಳ್ಳಕೆರೆ ಕಡೆ, ಮಾಳಿಗೆ ಮನೆ, ಅಲ್ಲೂ ಇದೇ ಹುಲ್ಲು, ಇದೇ ಮಣ್ಣು, ಇದೇ ಹೊಳಪು, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹಾಕಿಸೋರು. ಇಲ್ಲೂ ಊರವ್ರೇ ಸೇರಿ ಪ್ರತಿವರ್ಷ ಬೇಸಿಗೆಯಲ್ಲಿ ಚರ್ಚಿಗೆ ಮಣ್ಣು ಮೆತ್ತುತಾರೆ. 1960ರ ದಶಕದಲ್ಲಿ ಸಿಮೆಂಟ್ ಬಳಿದು ನೋಡಿದ್ರಂತೆ, ನೀರು ಒಳಗೇ ಸೇರ್ಕೊಂಡು ಹಸಿ ಇಟ್ಟಿಗೆ ಕರಗೋಕೆ ಶುರುವಾಗಿ ಕೊನೆಗೆ ಅದನ್ನ ಕಿತ್ತು ವಾಪಸ್ ಮಣ್ಣಿಗೇ ಬಂದ್ರು. ವೀಗಾ, ಲತಿಯಾ ಅಂತ ಏನೇನೋ ಹೆಸರು ಹೇಳ್ತಿದ್ರು, ಕತ್ತೆತ್ತಿ ನೋಡಿದ್ರೆ ನಮ್ಮ ತೊಲೆ, ಜಂತೆ!

ನಾನು ಎರಡನೇ ದಿನ ಡೆಮೊಗೆ ಚಕ್ಕರ್ ಹೊಡೆದು ಏಳು ಗಂಟೆಗೇ ಅಲ್ಲಿ ಹೋಗಿ ಕೂತೆ, ಕಲಿತಿದ್ದೇನಾದ್ರೂ ಇದ್ರೆ ಅವತ್ತೇ. ಮಣ್ಣಿನ ಗೋಡೆ ನೆರಳು ಕಂದು ಅಂತ ನಾನು ಬರ್ಂಟ್ ಅಂಬರ್ ಕಲಸಿ ರೆಡಿ ಇಟ್ಕೊಂಡಿದ್ದೆ, ಆದ್ರೆ ಅರ್ಧ ಗಂಟೆ ಸುಮ್ನೆ ನೋಡ್ತಾ ಕೂತ್ರೆ ಗೊತ್ತಾಗುತ್ತೆ, ನೆರಳಿನ ಮೇಲ್ಭಾಗ ಆಕಾಶದ್ದೇ ಬಣ್ಣ ಹೀರಿ ನೇರಳೆ ನೀಲಿ, ಕೆಳಗೆ ಬಿಸಿಲು ಬಿದ್ದ ನೆಲದಿಂದ ಬೆಳಕು ಪುಟಿದು ಒಳ್ಳೆ ಕೆಂಡದ ಹಾಗೆ ಕಿತ್ತಳೆ, ಮಧ್ಯೆ ಎಲ್ಲಿ ಒಂದು ಇನ್ನೊಂದಾಗುತ್ತೆ ಅಂತ ಗೊತ್ತೇ ಆಗಲ್ಲ. ಬರ್ಂಟ್ ಅಂಬರ್ ಚೆಲ್ಲಿ, ಅಲ್ಟ್ರಾಮರೀನ್ ನೀಲಿ ಜೊತೆ ಕೆಂಗಂದು ಬರ್ಂಟ್ ಸಿಯೆನಾ ಪೇಪರ್ ಮೇಲೇ ಕೂಡೋಕೆ ಬಿಟ್ಟೆ. ಅಮ್ಮಂಗೆ ಫೋಟೋ ಕಳ್ಸಿದ್ರೆ, "ಗೋಡೆಗ್ಯಾಕೆ ಇಂಕ್ ಚೆಲ್ಲಿದೀಯಾ?" ಅಂದ್ರು.

ಮೂರನೇ ದಿನ ಸಾಂಟಾ ಫೆಯಿಂದ ಟಾವೋಸ್‌ಗೆ ಬೆಟ್ಟದ ಮೇಲೆ ಹೋಗೋ ಹೈ ರೋಡ್‌ನ ಹಳ್ಳಿಗಳು: ಚಿಮಾಯೊ, ತ್ರೂಚಾಸ್, ಲಾಸ್ ತ್ರಾಂಪಾಸ್. ತ್ರೂಚಾಸ್ ಗುಡ್ಡದ ಏಣಿನ ಮೇಲೆ ಕೂತಿದೆ, ತುಕ್ಕು ಹಿಡಿದ ತಗಡಿನ ಸೂರು, ಬಾಗಿದ ಬೇಲಿ, ರಸ್ತೆ ಪಕ್ಕ ಹಳದಿ ಚಮೀಸಾ ಹೂ (ನೋಡೋಕೆ ಚಂದ, ವಾಸನೆ ಮಾತ್ರ ಬೇಡಪ್ಪ). ಆದ್ರೆ ಅರ್ಧ ಗುಂಪು ಹೋಗಿ ನೀಲಿ ಬಾಗಿಲು, ಅದರ ಪಕ್ಕ ನೇತುಹಾಕಿದ ಕೆಂಪು ಮೆಣಸಿನಕಾಯಿ ಸರ, ಅದನ್ನೇ ಬಳಿದ್ರು. ಸಾಂಟಾ ಫೆಯ ಕ್ಯಾನ್ಯನ್ ರೋಡ್ ಗ್ಯಾಲರಿಗಳಲ್ಲಿ ಆ ಬಾಗಿಲು ಎಷ್ಟು ಸಲ ನೋಡಿದೆ ಅಂದ್ರೆ ನನಗೆ ಬ್ಯಾಡಗಿ ಮೆಣಸಿನಕಾಯಿ ಮೇಲೂ ಬೇಜಾರು ಬಂತು.

ಒಂದು ಎಚ್ಚರಿಕೆ. ಪ್ಯೂಬ್ಲೊಗಳು, ಅಂದ್ರೆ ಮೂಲನಿವಾಸಿಗಳ ಊರುಗಳು, ಜನ ಇವತ್ತಿಗೂ ಬಾಳ್ತಿರೋ ಮನೆಗಳು. ಟಾವೋಸ್ ಪ್ಯೂಬ್ಲೊ 1992ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಆದ್ರೂ ಅನುಮತಿ ಕೇಳ್ದೆ ಅಲ್ಲಿ ಕೂತು ಚಿತ್ರ ಬರೆಯೋ ಹಾಗಿಲ್ಲ, ಕೆಲವು ಪ್ಯೂಬ್ಲೊಗಳಲ್ಲಿ ಸ್ಕೆಚ್ ಮಾಡೋದೇ ನಿಷೇಧ. ನಮ್ಮ ಆಯೋಜಕರು ಇದನ್ನ ಹೇಳಿದ್ದು ನಾವು ವ್ಯಾನ್ ಹತ್ತಿ ಕೂತ್ಮೇಲೆ.

ಕೊನೆ ದಿನ ಗೋಸ್ಟ್ ರಾಂಚ್. ಕೆಳಗೆ ಕೆಂಪು, ಮೇಲೆ ಹಳದಿ ಬಂಡೆ, ಎದುರಿಗೆ ತಲೆ ಕತ್ತರಿಸಿದ ಹಾಗಿರೋ ಪೆಡೆರ್ನಲ್ ಗುಡ್ಡ. ಅಮೆರಿಕದ ಹೆಸರಾಂತ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1940ರಲ್ಲಿ ಇಲ್ಲೇ ಮನೆ ತಗೊಂಡು ಆ ಗುಡ್ಡಾನೇ ಮತ್ತೆ ಮತ್ತೆ ಬರೆದಿದ್ದು, ಸತ್ಮೇಲೆ ಅವರ ಬೂದೀನೂ ಅದರ ಮೇಲೇ ಚೆಲ್ಲಿದ್ರು. ಮಧ್ಯಾಹ್ನ ಎರಡಕ್ಕೆ ಎಲ್ಲಿಂದಲೋ ಕಪ್ಪು ಮೋಡ ಬಂದು ಗಾಳಿ ಎದ್ದು ನನ್ನ ಕೊಡೆ ಸಮೇತ ಈಸೆಲ್ ಉರುಳಿ ಪ್ಯಾಲೆಟ್ ಮಣ್ಣಿಗೆ ಬೋರಲು ಬಿತ್ತು. ಎಲ್ಲರೂ ಪ್ಯಾಕಪ್ ಮಾಡಿ ಕಾಫಿಗೆ ಹೋದ್ರು. ನಂಗೆ ಓಕೀಫ್ ತಮ್ಮ ಫೋರ್ಡ್ ಕಾರೊಳಗೆ ಮುಂದಿನ ಸೀಟು ಹಿಂದಕ್ಕೆ ತಿರುಗಿಸ್ಕೊಂಡು ಪೇಂಟ್ ಮಾಡ್ತಿದ್ದಿದ್ದು ನೆನಪಾಯ್ತು, ಬಾಡಿಗೆ ಕಾರಿನ ಹಿಂದಿನ ಸೀಟಲ್ಲಿ ಟವೆಲ್ ಹಾಸಿ ತೊಡೆ ಮೇಲೆ ಬೋರ್ಡಿಟ್ಟು ಗಾಜಿನಾಚೆ ಮಳೆ ತೆರೆ ತೆರೆಯಾಗಿ ಪೆಡೆರ್ನಲ್ ಕಡೆ ಹೋಗೋದನ್ನ ಬರೆದೆ, ಇಪ್ಪತ್ತು ನಿಮಿಷ, ಮೂರೇ ಬಣ್ಣ. ಪ್ಯಾಲೆಟ್‌ಗೆ ಮೆತ್ತಿದ್ದ ಕೆಂಪು ಮಣ್ಣೂ ಸ್ವಲ್ಪ ಸೇರಿದೆ ಅದರಲ್ಲಿ. ನಾಲ್ಕು ದಿನದಲ್ಲಿ ಫ್ರೇಮ್ ಹಾಕಿಸಿದ್ದು ಅದೊಂದನ್ನೇ.

ಪೂರ್ತಿ ಹೊಸಬ್ರು, ಒಬ್ರೇ ಹೋಗೋಕೆ ಹೆದ್ರಿಕೆ, ಎಲ್ಲಿ ನಿಲ್ಸೋದು ಗೊತ್ತಿಲ್ಲ ಅನ್ನೋರು ಇಂಥ ವರ್ಕ್‌ಶಾಪ್ ಬುಕ್ ಮಾಡಿ, ತಪ್ಪೇನಿಲ್ಲ, ಡೆಮೊ ಎಷ್ಟು ಹೊತ್ತು ಅಂತ ಮಾತ್ರ ಮೊದ್ಲೇ ಕೇಳಿ. ನಾನು ಮುಂದಿನ ಅಕ್ಟೋಬರಿಗೆ ಕಾಟನ್‌ವುಡ್ ಮರ ಹಳದಿ ತಿರುಗೋ ಹೊತ್ತಿಗೆ ಮತ್ತೆ ಹೋಗ್ತಿದೀನಿ, ಫೀಸು ಉಳಿಸಿ ಇನ್ನೆರಡು ದಿನ ಜಾಸ್ತಿ ಇರ್ತೀನಿ, ಹಿಂದಿನ ಸೀಟು ಅಗಲ ಇರೋ ಕಾರು ಬುಕ್ ಮಾಡಿದೀನಿ.