ಹಾರ್ಮೋನ್ ಇಂಜೆಕ್ಷನ್ "ಸ್ವಲ್ಪ ತಡವಾದ್ರೆ ಏನೂ ಆಗಲ್ಲ" ಅಂದ್ರೆ ನಂಬಬೇಡಿ

ಮನೆಯಲ್ಲಿ ಯಾರಿಗಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದು ಹಾರ್ಮೋನ್ ಇಂಜೆಕ್ಷನ್ ನಡೀತಿದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ. ನಮ್ಮ ಅಪ್ಪ ಪಟ್ಟ ಕಷ್ಟ ಇನ್ನೊಬ್ಬರಿಗೆ ಬೇಡ.

ಕಾಯಿಲೆ ಗೊತ್ತಾಗೋ ಹೊತ್ತಿಗೇ ಅದು ಬೆನ್ನುಮೂಳೆಗೆ, ಸೊಂಟದ ಮೂಳೆಗೆ ಹರಡಿತ್ತು. ಡಾಕ್ಟರು ಗೋಸೆರೆಲಿನ್ ಅನ್ನೋ ಹಾರ್ಮೋನ್ ಇಂಜೆಕ್ಷನ್, 10.8 ಮಿಲಿಗ್ರಾಂ, ಶುರು ಮಾಡಿದರು. ಹೊಟ್ಟೆಯ ಚರ್ಮದ ಕೆಳಗೆ ದಪ್ಪ ಸೂಜಿಯಲ್ಲಿ ಹಾಕ್ತಾರೆ. ಒಳಗೆ ಹೋಗೋದು ನೀರಿನಂಥ ಔಷಧಿ ಅಲ್ಲ, ಬೆಂಕಿಕಡ್ಡಿಗಿಂತ ತೆಳುವಾದ ಪುಟ್ಟ ಕಡ್ಡಿ. ಅದು ನಿಧಾನಕ್ಕೆ ಕರಗುತ್ತಾ ಔಷಧಿ ಬಿಡುತ್ತೆ, ವೃಷಣಗಳಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನ್ ತಯಾರಾಗೋದು ನಿಲ್ಲುತ್ತೆ. ಆ ಹಾರ್ಮೋನ್ ಇದ್ದಷ್ಟು ದಿನ ಈ ಕ್ಯಾನ್ಸರ್ ಬೆಳೀತಾನೇ ಇರುತ್ತೆ. 1941ರಲ್ಲೇ ಚಾರ್ಲ್ಸ್ ಹಗ್ಗಿನ್ಸ್ ಅನ್ನೋ ಡಾಕ್ಟರು ಇದನ್ನ ತೋರಿಸಿಕೊಟ್ಟಿದ್ದರು, 1966ರಲ್ಲಿ ಅದಕ್ಕೇ ನೊಬೆಲ್ ಕೂಡ ಬಂತು. ಅಂದ್ರೆ ಇದು ಹೊಸದಾಗಿ ಕಂಡುಹಿಡಿದ ವಿಷಯ ಏನಲ್ಲ, ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡೋ ಎಲ್ಲರಿಗೂ ಗೊತ್ತಿರಬೇಕಾದದ್ದು.

ಈ 10.8ರ ಡೋಸ್ 12 ವಾರಕ್ಕೊಂದು. ಲೆಕ್ಕ ಹಾಕಿದ್ರೆ 84 ದಿನ. ನಮ್ಮ ಫೈಲಿನಲ್ಲಿ ಮಾತ್ರ "3 ತಿಂಗಳಿಗೊಮ್ಮೆ" ಅಂತ ಪೆನ್ನಲ್ಲಿ ಗೀಚಿತ್ತು, ಮುಂದಿನ ತಾರೀಕು ಇರಲಿಲ್ಲ. ಕ್ಯಾಲೆಂಡರಿನ ಮೂರು ತಿಂಗಳು 92 ದಿನದವರೆಗೂ ಹೋಗುತ್ತೆ, ಅಲ್ಲೇ ಒಂದು ವಾರ ಹೋಯ್ತು. ಅದರ ಮೇಲೆ ಆ ಸಲ ದಸರಾ. ಆಸ್ಪತ್ರೆಯ ಮೆಡಿಕಲ್ ಸ್ಟೋರಿನಲ್ಲಿ ಸ್ಟಾಕ್ ಇಲ್ಲ, ಹಬ್ಬ ಮುಗಿಸಿಕೊಂಡು ಬನ್ನಿ ಅಂದರು. ನಾವು ಬಿಡದೆ ಒಳಗೆ ಹೋಗಿ ಕೇಳಿದ್ವಿ. ಡೇ ಕೇರ್‌ನಲ್ಲಿ ಕೂತಿದ್ದವರು ಫೈಲ್ ಕೂಡ ತೆರೆಯದೆ "ಸ್ವಲ್ಪ ತಡವಾದ್ರೆ ಏನೂ ಆಗಲ್ಲ ಬಿಡಿ, ಸುಮ್ನೆ ಟೆನ್ಷನ್ ತಗೋಬೇಡಿ" ಅಂತ ಕಳಿಸಿಬಿಟ್ಟರು. ಹಬ್ಬ ಮುಗೀತು, ಸ್ಟಾಕ್ ಬರಲಿಲ್ಲ, ನಾಳೆ ನಾಡಿದ್ದು ಅಂತ ಸತಾಯಿಸಿ ಸತಾಯಿಸಿ ಕೊನೆಗೆ ತಿಂಗಳಿಗಿಂತ ಜಾಸ್ತಿನೇ ತಡವಾಯ್ತು.

ಅಷ್ಟರಲ್ಲಿ ಬೆನ್ನುನೋವು ಮತ್ತೆ ಶುರು. ಅಪ್ಪ ರಾತ್ರಿ ಮಲಗೋಕಾಗದೆ ಕುರ್ಚಿಯಲ್ಲಿ ದಿಂಬು ಒರಗಿಸಿಕೊಂಡು ಕೂತಿರೋರು. ಪಿಎಸ್‌ಎ (ಈ ಕ್ಯಾನ್ಸರ್ ಹೆಚ್ಚಾಗ್ತಿದೆಯಾ ಅಂತ ನೋಡೋ ರಕ್ತಪರೀಕ್ಷೆ) ಮಾಡಿಸಿದ್ರೆ ಏರಿತ್ತು. ಅದನ್ನ ನೋಡಿದ ಡ್ಯೂಟಿ ಡಾಕ್ಟರು "ಈ ಇಂಜೆಕ್ಷನ್ ಇನ್ನು ಕೆಲಸ ಮಾಡ್ತಿಲ್ಲ, ಮುಂದಿನ ಹಂತಕ್ಕೆ ಹೋಗಬೇಕು" ಅಂತ ದುಬಾರಿ ಮಾತ್ರೆ ಬರೆದುಕೊಟ್ಟರು. ಅಮ್ಮ ಅಲ್ಲೇ ಕುಸಿದು ಕೂತರು.

ಬೇರೆ ಊರಿನ ಒಬ್ಬ ಹಿರಿಯ ಯೂರಾಲಜಿಸ್ಟ್ ಹತ್ತಿರ ಹೋಗಿದ್ದು ಒಳ್ಳೇದಾಯ್ತು. ಅವರು ಮೊದಲು ಕೇಳಿದ್ದೇ ಕೊನೆಯ ಇಂಜೆಕ್ಷನ್ ತಾರೀಕು, ಆಮೇಲೆ ಟೆಸ್ಟೋಸ್ಟೆರಾನ್ ಎಷ್ಟಿದೆ ಅಂತ. ಅದನ್ನ ಅಲ್ಲಿಯವರೆಗೆ ಯಾರೂ ಮಾಡಿಸಿಯೇ ಇರಲಿಲ್ಲ! ಚಿಕಿತ್ಸೆಯಲ್ಲಿ ಇರೋವಾಗ ಅದು 50 ನ್ಯಾನೋಗ್ರಾಂಗಿಂತ (ಒಂದು ಡೆಸಿಲೀಟರ್ ರಕ್ತದಲ್ಲಿ) ಕೆಳಗಿರಬೇಕು. ಅಪ್ಪನದು ಅದಕ್ಕಿಂತ ತುಂಬಾ ಮೇಲಿತ್ತು. ಹಾರ್ಮೋನ್ ಚಿಕಿತ್ಸೆಗೆ ಕ್ಯಾನ್ಸರ್ ಬಗ್ಗುತ್ತಿಲ್ಲ ಅಂತ ಹೇಳಬೇಕಾದ್ರೆ, ಟೆಸ್ಟೋಸ್ಟೆರಾನ್ ಆ ಗೆರೆಯ ಕೆಳಗೇ ಇದ್ದೂ ಕಾಯಿಲೆ ಹೆಚ್ಚಾಗಿರಬೇಕು. ಇಲ್ಲಿ ಔಷಧಿ ಸೋತಿರಲಿಲ್ಲ, ಸಮಯಕ್ಕೆ ಕೊಟ್ಟಿರಲಿಲ್ಲ ಅಷ್ಟೇ.

ಹಾಗಂತ ಓಡಿಹೋಗಿ ಮತ್ತೆ ಚುಚ್ಚಿಸಿಕೊಂಡರೆ ಮುಗೀಲಿಲ್ಲ. ಗೋಸೆರೆಲಿನ್, ಲ್ಯೂಪ್ರೊಲೈಡ್ ಥರದ ಇಂಜೆಕ್ಷನ್‌ಗಳು ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನ್ ಅನ್ನು ಇನ್ನಷ್ಟು ಏರಿಸಿ ಆಮೇಲೆ ಇಳಿಸ್ತವೆ. ಬೆನ್ನುಮೂಳೆಗೆ ಹರಡಿದವರಿಗೆ ಈ ಏರಿಕೆ ಅಪಾಯ, ನರದ ಮೇಲೆ ಒತ್ತಡ ಬೀಳಬಹುದು. ಅದಕ್ಕೇ ಶುರುವಿನಲ್ಲಿ, ಆ ಹಾರ್ಮೋನ್ ಕ್ಯಾನ್ಸರ್ ಮೇಲೆ ಕೆಲಸ ಮಾಡದಂತೆ ತಡೆಯೋ ಬೈಕಾಲುಟಮೈಡ್ ಮಾತ್ರೆ ಕೊಡೋದು. ಹಾರ್ಮೋನ್ ಮೇಲೆ ಬಂದುಬಿಟ್ಟಿದ್ದರಿಂದ ಅಪ್ಪನಿಗೆ ಆ ಮಾತ್ರೆ ಮತ್ತೆ ಕೊಟ್ಟು, ಆಮೇಲೆ ಇಂಜೆಕ್ಷನ್ ಹಾಕಿದರು. ನಿಧಾನಕ್ಕೆ ಪಿಎಸ್‌ಎ ಇಳೀತು, ನೋವೂ ಕಡಿಮೆ ಆಯ್ತು. ಆದರೆ ಆ ತಿಂಗಳುಗಳ ಸಂಕಟ ಅನವಶ್ಯಕ ಅಲ್ವಾ? ನನಗೆ ಈಗಲೂ ಸಿಟ್ಟು ಬರೋದು ಅದಕ್ಕೇ.

ಹಾಗಾಗಿ ಇಂಜೆಕ್ಷನ್ ಹಾಕಿದ ದಿನವೇ ಮುಂದಿನ ತಾರೀಕನ್ನ ಫೈಲಿನಲ್ಲಿ ಬರೆಸಿಕೊಳ್ಳಿ. "ತಿಂಗಳಿಗೊಮ್ಮೆ" ಅಂತ ಬರೆದ್ರೆ ಎಷ್ಟು ದಿನ ಅಂತ ಕೇಳಿ, ಗೋಸೆರೆಲಿನ್ 3.6 ಆದ್ರೆ 28 ದಿನ. ಬೇರೆ ಔಷಧಿಗೆ ಬೇರೆ ಲೆಕ್ಕ ಇರುತ್ತೆ, ಪಕ್ಕದ ಬೆಡ್‌ನವರ ತಾರೀಕು ನೋಡಬೇಡಿ. ಔಷಧಿ ಸ್ಟಾಕ್ ಇದೆಯಾ ಅಂತ ಒಂದೆರಡು ವಾರ ಮೊದಲೇ ವಿಚಾರಿಸಿ, ಅಲ್ಲಿ ಇಲ್ಲ ಅಂದ್ರೆ ಹೊರಗಿನಿಂದ ತರಿಸಬಹುದಾ ಅಂತ ಡಾಕ್ಟರನ್ನೇ ಕೇಳಿ, ಕೌಂಟರಿನವರನ್ನಲ್ಲ. ಪಿಎಸ್‌ಎ ಏರಿದ್ರೆ ಟೆಸ್ಟೋಸ್ಟೆರಾನ್ ನೋಡದೆ ಔಷಧಿ ಬದಲಾಯಿಸೋಕೆ ಒಪ್ಪಬೇಡಿ.

ಇನ್ನೊಂದು ಮಾತು. ಮೂಳೆಗೆ ಹರಡಿದವರಿಗೆ ಕಾಲಲ್ಲಿ ಶಕ್ತಿ ಹೋದ ಹಾಗೆ, ಜೋಮು ಹಿಡಿದ ಹಾಗೆ ಆದ್ರೆ, ಅಥವಾ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಆವಾಗಲೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.