ಪವರ್‌ಪಾಯಿಂಟ್: 24 ಸ್ಲೈಡ್ 8ಕ್ಕೆ ಇಳಿದ ಮೇಲೆ

ತಿಪಟೂರಿನ ಪಕ್ಕ ನಮ್ಮದೊಂದು ಸಣ್ಣ ಕೊಬ್ಬರಿ ಎಣ್ಣೆ ಗಾಣವಿದೆ. ಹೋಟೆಲಿನವರಿಗೆ, ಸಗಟು ವ್ಯಾಪಾರಿಗಳಿಗೆ ಮಾಲಿನ ವಿವರ ಕೊಡಲು ಮೂರು ವರ್ಷದಿಂದ ಮೈಕ್ರೋಸಾಫ್ಟ್ ಪವರ್‌ಪಾಯಿಂಟ್ ಬಳಸುತ್ತಿದ್ದೇನೆ. ಹೇಳುವ ವಿಷಯವನ್ನು ಒಂದೊಂದೇ ಪುಟವಾಗಿ, ಅಂದರೆ ಸ್ಲೈಡ್ ಆಗಿ, ಪರದೆಯ ಮೇಲೆ ತೋರಿಸುವ ತಂತ್ರಾಂಶ ಇದು. 1987ರಲ್ಲಿ ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರಿಗೆಂದು ಹುಟ್ಟಿದ್ದು, ಇವತ್ತು ನಮ್ಮ ಗಾಣಕ್ಕೂ ಒದಗಿದೆ.

ನನಗೆ ತುಂಬ ಹಿಡಿಸಿದ್ದು ಪ್ರೆಸೆಂಟರ್ ವ್ಯೂ. ಗೋಡೆಯ ಮೇಲೆ ಬರೀ ಸ್ಲೈಡ್. ನನ್ನ ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ, ಮುಂದಿನ ಸ್ಲೈಡ್, ಗಡಿಯಾರ. ಹೇಳಬೇಕಾದ ಮಾತೆಲ್ಲ ಟಿಪ್ಪಣಿಗೆ ಹೋದ ಮೇಲೆ ನನ್ನ 24 ಸ್ಲೈಡ್ 8ಕ್ಕೆ ಇಳಿಯಿತು. ಮೊದಲೆಲ್ಲ ‘ನಮ್ಮ ಬಗ್ಗೆ’ ಅಂತ ಶುರು ಮಾಡುತ್ತಿದ್ದೆ. ಈಗ ಮೊದಲ ಸ್ಲೈಡಿನಲ್ಲೇ ‘ತಿಂಗಳಿಗೆ 600 ಲೀಟರ್, ಆರು ತಿಂಗಳು ಒಂದೇ ದರ’. ಕೊಳ್ಳುವವರಿಗೆ ಬೇಕಾದದ್ದು ಅದೇ ತಾನೇ? ನಡುವೆ ಯಾರಾದರೂ ದರಪಟ್ಟಿ ಕೇಳಿದರೆ 6 ಒತ್ತಿ ಎಂಟರ್ ಹೊಡೆಯುತ್ತೇನೆ, ನೇರ ಆರನೇ ಸ್ಲೈಡ್. ಬಾಟಲಿ ಕೈಗೆ ಕೊಟ್ಟು ‘ಘಮ ನೋಡಿ ಸಾರ್’ ಅನ್ನುವಾಗ ಕೀಬೋರ್ಡಿನ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ. ಎಲ್ಲರ ಕಣ್ಣೂ ಎಣ್ಣೆಯ ಮೇಲೆ.

ಕನ್ನಡದಲ್ಲಿ ಸ್ಲೈಡ್ ಮಾಡುವವರು ಯೂನಿಕೋಡ್ ಫಾಂಟನ್ನೇ (ಬಹುತೇಕ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಸರಿಯಾಗಿ ಕಾಣುವ ಅಕ್ಷರಶೈಲಿ) ಬಳಸಿ. ಒಮ್ಮೆ ಗ್ರಾಹಕರೊಬ್ಬರ ಕಂಪ್ಯೂಟರಿನಲ್ಲಿ ಹಳೇ ಫಾಂಟ್ ಇಲ್ಲದೆ ನನ್ನ ಅಕ್ಷರವೆಲ್ಲ ಕಲಸಿಹೋಗಿತ್ತು. ವಿಂಡೋಸ್ ಆವೃತ್ತಿಯ ಸೇವ್ ಆಯ್ಕೆಗಳಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಅವಕಾಶವಿದೆ. ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಒಯ್ಯುತ್ತೇನೆ.

ಚಾರ್ಟ್ ಹಾಕುವಾಗ 3ಡಿ ಪೈ, ಅಂದರೆ ತುಂಡು ಮಾಡಿದ ದಪ್ಪ ರೊಟ್ಟಿಯಂತೆ ಕಾಣುವ ದುಂಡು ಚಾರ್ಟ್, ಬೇಡ. ಓರೆಯಾಗಿ ಕಾಣುವುದರಿಂದ ನೋಡುವವರ ಕಡೆಗಿರುವ ತುಂಡು ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಲೆಕ್ಕ ಬಲ್ಲ ವ್ಯಾಪಾರಿಯ ಮುಂದೆ ಸಾದಾ ಕಂಬದ ಚಾರ್ಟ್ ಇಡಿ, ಅಂಕಿಯನ್ನು ಕಂಬದ ಮೇಲೆಯೇ ಬರೆಯಿರಿ.